ಅರ್ಧಕ್ಕೆ ನಿಂತ ಅಕ್ಷರ

"ಜಪ ಮಾಡಬೇಕೆಂಬ ಆಸೆಯೇನೋ ಇದೆ ಸ್ವಾಮಿ, ಆದರೆ ಪುರುಸೊತ್ತೇ ಇಲ್ಲ." ಮನೆಗಳನ್ನು ಆಶೀರ್ವದಿಸಲು ಹೋದಾಗಲೆಲ್ಲ ನಾವು ಕೇಳುವ ಮಾತಿದು. ಹೀಗೆನ್ನುವವರು ಸೋಮಾರಿಗಳಲ್ಲ. ಬೆಳಗಿನ ಐದಕ್ಕೆ ಎದ್ದು, ನೀರು ತುಂಬಿ, ಮಕ್ಕಳಿಗೆ ಬುತ್ತಿ ಕಟ್ಟಿ, ಬಸ್ಸು ಹಿಡಿದು ದುಡಿಯಲು ಹೋಗಿ, ಕತ್ತಲಾದ ಮೇಲೆ ಮನೆ ಸೇರುವ ತಾಯಂದಿರು ಅವರು. ರಾತ್ರಿಪಾಳಿ ಮುಗಿಸಿ ಬಂದು ಹಗಲಿನಲ್ಲಿ ಮತ್ತೊಂದು ಕೆಲಸಕ್ಕೆ ಹೊರಡುವ ತಂದೆಯರು ಅವರು. ಅವರ ದಿನದಲ್ಲಿ ಕೆಲಸಕ್ಕೆ ಕೊರತೆಯಿಲ್ಲ, ನೆಮ್ಮದಿಗೆ ಮಾತ್ರ ಕೊರತೆ. "ಮಠದ ಸನ್ಯಾಸಿಗಳಿಗಾದರೆ ಸರಿ, ಸಂಸಾರಿಗಳಿಗೆ ಎಲ್ಲಿಯ ಶಾಂತಿ?" ಎಂದು ಕೆಲವರು ನಿಟ್ಟುಸಿರು ಬಿಡುವುದೂ ಉಂಟು.

ಸಂಸಾರಿಗಳಿಗೆ ಗದ್ದಲ, ಸನ್ಯಾಸಿಗಳಿಗೆ ಶಾಂತಿ ಎಂಬ ಈ ವಿಂಗಡಣೆ ಮೇಲ್ನೋಟಕ್ಕೆ ಸರಿಯೆನಿಸಿದರೂ ನಿಜವಲ್ಲ. ಪಾಶ್ಚಾತ್ಯ ಧರ್ಮಸಭೆಯಲ್ಲಿ ಮಠಜೀವನಕ್ಕೆ ಭದ್ರವಾದ ರೂಪವನ್ನಿತ್ತ ಸಂತ ಬೆನೆಡಿಕ್ಟರು ಸುಮಾರು 480ರಲ್ಲಿ ಇಟಲಿಯ ನೊರ್ಚಿಯಾದಲ್ಲಿ ಜನಿಸಿದರು. ವಿದ್ಯಾಭ್ಯಾಸಕ್ಕೆಂದು ರೋಮಿಗೆ ಹೋಗಿ, ಅಲ್ಲಿನ ಬಾಳಿಗೆ ಬೇಸತ್ತು, ಸುಬಿಯಾಕೊದ ಗುಹೆಯಲ್ಲಿ ಮೂರು ವರ್ಷ ಏಕಾಂತವಾಸ ಮಾಡಿದರು. ಆದರೆ ಅವರು ಗುಹೆಯಲ್ಲಿಯೇ ಉಳಿಯಲಿಲ್ಲ. ಸುಮಾರು 529ರಲ್ಲಿ ಮಾಂಟೆ ಕಸಿನೊ ಬೆಟ್ಟದ ಮೇಲೆ ಮಠವನ್ನು ಸ್ಥಾಪಿಸಿ, ಒಂದೇ ಸೂರಿನಡಿ ಕೂಡಿ ಬಾಳುವವರಿಗಾಗಿ 73 ಅಧ್ಯಾಯಗಳ ಚಿಕ್ಕ ನಿಯಮಾವಳಿಯೊಂದನ್ನು ಬರೆದರು. ಅಡುಗೆ ಯಾರದು, ಊಟಕ್ಕೆ ತಡವಾಗಿ ಬಂದವನಿಗೇನು ಶಿಕ್ಷೆ, ಕಾಯಿಲೆಯವರ ಆರೈಕೆ ಹೇಗೆ, ಸಾಮಾನು ಒಡೆದವನು ಏನು ಮಾಡಬೇಕು, ಗೊಣಗುವವನನ್ನು ತಿದ್ದುವುದು ಹೇಗೆ ಎಂಬಂಥ ವಿಷಯಗಳು ಅದರ ತುಂಬ ಇವೆ. ಓದುತ್ತ ಹೋದರೆ ಅದೊಂದು ದೊಡ್ಡ ಕೂಡುಕುಟುಂಬದ ಚಿತ್ರವೆಂದೇ ಅನಿಸುತ್ತದೆ. ಅಲ್ಲಿಯೂ ಕೆಲಸವಿತ್ತು, ಜಗಳವಿತ್ತು, ದಣಿವಿತ್ತು. ಹಾಗಿದ್ದಮೇಲೆ ಅವರಿಗೆ ಶಾಂತಿ ದೊರಕಿದ್ದು ಎಲ್ಲಿಂದ?

'ಪ್ರಾರ್ಥಿಸು, ದುಡಿ' ಎಂಬುದು ಬೆನೆಡಿಕ್ಟೈನರ ಧ್ಯೇಯವಾಕ್ಯವೆಂದು ಪ್ರಸಿದ್ಧವಾಗಿದೆ. ಈ ಮಾತು ಇದೇ ರೂಪದಲ್ಲಿ ನಿಯಮಾವಳಿಯಲ್ಲಿಲ್ಲ, ಅದು ನಂತರದ ಕಾಲದಲ್ಲಿ ಬಳಕೆಗೆ ಬಂದದ್ದು. ನಿಯಮಾವಳಿಯಲ್ಲಿರುವುದು ಇನ್ನೂ ಸರಳವಾದ ಒಂದು ವ್ಯವಸ್ಥೆ. ಹಗಲಿನಲ್ಲಿ ಏಳು ಬಾರಿ, ರಾತ್ರಿ ಒಂದು ಬಾರಿ ಸಮುದಾಯವೆಲ್ಲ ದೈವಸ್ತುತಿಗೆ ಸೇರಬೇಕು. ಉಳಿದ ಸಮಯದಲ್ಲಿ ಮೈಮುರಿದು ದುಡಿಯಬೇಕು, ಪವಿತ್ರ ಗ್ರಂಥಗಳನ್ನು ಓದಬೇಕು, ವಿಶ್ರಮಿಸಬೇಕು. ಪ್ರಾರ್ಥನೆಯ ಕರೆ ಕಿವಿಗೆ ಬಿದ್ದೊಡನೆ ಕೈಯಲ್ಲಿರುವುದನ್ನು ಅಲ್ಲಿಯೇ ಬಿಟ್ಟು ಹೊರಡಬೇಕೆಂದು 43ನೆಯ ಅಧ್ಯಾಯ ವಿಧಿಸುತ್ತದೆ. ಬೆನೆಡಿಕ್ಟರಿಗಿಂತ ಸುಮಾರು ನೂರು ವರ್ಷ ಮೊದಲು ಈಜಿಪ್ಟಿನ ಸನ್ಯಾಸಿಗಳ ಬಾಳನ್ನು ವರ್ಣಿಸಿದ ಜಾನ್ ಕ್ಯಾಸಿಯನರು ಇದಕ್ಕೊಂದು ಸೊಗಸಾದ ಉದಾಹರಣೆ ನೀಡಿದ್ದಾರೆ. ಬರವಣಿಗೆಯಲ್ಲಿ ತೊಡಗಿದ್ದ ಸನ್ಯಾಸಿಯು ಕರೆ ಬಂದ ಕೂಡಲೇ ಬರೆಯಲಾರಂಭಿಸಿದ ಅಕ್ಷರವನ್ನೂ ಪೂರ್ತಿಗೊಳಿಸದೆ ಎದ್ದುಬಿಡುತ್ತಿದ್ದನಂತೆ. ನಮ್ಮ ರೀತಿಯಲ್ಲಿ ಹೇಳುವುದಾದರೆ, 'ಕ' ಬರೆದು ಅದಕ್ಕೆ ಕೊಂಬು ಕೊಡುವ ಮೊದಲೇ ಲೇಖನಿಯನ್ನು ಕೆಳಗಿಟ್ಟಂತೆ!

ಕೆಲಸ ಕ್ಷುಲ್ಲಕವೆಂಬ ಭಾವನೆಯಿಂದ ಅವನು ಹಾಗೆ ಮಾಡುತ್ತಿರಲಿಲ್ಲ. ಕೆಲಸ ತನ್ನದಲ್ಲ, ದೇವರದು ಎಂಬ ಅರಿವಿನಿಂದ ಮಾಡುತ್ತಿದ್ದನು. ನಾವು ಕೆಲಸವನ್ನು ಹಿಡಿದಿದ್ದೇವೆಯೋ, ಕೆಲಸವೇ ನಮ್ಮನ್ನು ಹಿಡಿದಿದೆಯೋ ಎಂಬುದು ತಿಳಿಯುವುದು ಅದನ್ನು ಬಿಡಬೇಕಾದ ಗಳಿಗೆಯಲ್ಲಿ. ಬಿಡಲಾಗದ ಕೆಲಸ ಎಷ್ಟೇ ಒಳ್ಳೆಯದಾಗಿರಲಿ, ಅದು ನಮಗೆ ಒಡೆಯನಾಗಿ ಕುಳಿತಿದೆಯೆಂದೇ ಅರ್ಥ. ಶಾಂತಿಯೆಂದರೆ ಸುವ್ಯವಸ್ಥೆಯಿಂದ ಹುಟ್ಟುವ ನೆಮ್ಮದಿ ಎಂಬುದು ಸಂತ ಅಗಸ್ಟೀನರ ವಿಚಾರ. ಗುರುಮಠದಲ್ಲಿ ತತ್ವಶಾಸ್ತ್ರವನ್ನು ಅಭ್ಯಸಿಸುವಾಗ ಇದನ್ನು ನಾವು ಬಾಯಿಪಾಠ ಮಾಡಿದ್ದೆವು. ಅದು ಅರ್ಥವಾದದ್ದು ಬಹಳ ವರ್ಷಗಳ ನಂತರ, ನಮ್ಮದೇ ತಪ್ಪಿನಿಂದ.

ಧರ್ಮಕೇಂದ್ರದ ವಾರ್ಷಿಕ ಹಬ್ಬ ಸಮೀಪಿಸಿತ್ತು. ಒಂದು ಸಂಜೆ ಲೆಕ್ಕಪತ್ರಗಳನ್ನು ಹರಡಿಕೊಂಡು ಕುಳಿತಿದ್ದೆವು. ವೃದ್ಧರೊಬ್ಬರು ಬಾಗಿಲಲ್ಲಿ ಬಂದು ನಿಂತರು. ತಲೆಯೆತ್ತದೆಯೇ "ಸ್ವಲ್ಪ ಕೂತಿರಿ" ಎಂದೆವು. ಕೂಡಿಸಿದ ಮೊತ್ತ ತಾಳೆಯಾಗಲಿಲ್ಲ, ಮತ್ತೊಮ್ಮೆ ಕೂಡಿಸಿದೆವು. ಕಡೆಗೊಮ್ಮೆ ಲೆಕ್ಕ ಸರಿಹೋಗಿ ತಲೆಯೆತ್ತಿ ನೋಡಿದರೆ ಜಗಲಿಯ ಬೆಂಚು ಬರಿದಾಗಿತ್ತು. ಮರುದಿನ ಬಲಿಪೂಜೆ ಮುಗಿಸಿ ಅವರ ಮನೆಗೆ ಹೋದೆವು. "ನೀವು ಕೆಲಸದಲ್ಲಿದ್ರಿ ಸ್ವಾಮಿ, ತೊಂದ್ರೆ ಯಾಕೆ ಅಂತ ಬಂದ್ಬಿಟ್ಟೆ" ಎಂದು ನಕ್ಕು ಕಾಫಿ ಕೊಡಿಸಿದರು. ಏನು ಹೇಳಲು ಬಂದಿದ್ದಿರಿ ಎಂದು ಕೇಳಿದೆವು. "ಏನಿಲ್ಲ ಬಿಡಿ" ಎಂದರು. ಎರಡು ವರ್ಷಗಳ ನಂತರ ಅವರನ್ನು ಸಮಾಧಿ ಮಾಡಿದೆವು. ಆ ಸಂಜೆ ಅವರ ಬಾಯಿಗೆ ಬಂದಿದ್ದ ಮಾತು ನಮಗೆ ಕೊನೆಗೂ ತಿಳಿಯಲಿಲ್ಲ. ಹಬ್ಬದ ಲೆಕ್ಕವಾದರೋ ಮರುದಿನವೂ ಅಲ್ಲಿಯೇ ಇರುತ್ತಿತ್ತು.

ಮಠದ ಬಾಗಿಲಲ್ಲಿ ವಿವೇಕಿಯಾದ ವೃದ್ಧ ಸನ್ಯಾಸಿಯೊಬ್ಬರನ್ನು ನೇಮಿಸಬೇಕು, ಯಾರಾದರೂ ಬಾಗಿಲು ತಟ್ಟಿದ ಕೂಡಲೇ ಅವರು ದೇವರಿಗೆ ವಂದನೆ ಹೇಳಿ ಉತ್ತರಿಸಬೇಕು ಎಂಬುದು 66ನೆಯ ಅಧ್ಯಾಯದ ಆದೇಶ. ಬಂದವರು ಯಾರು, ಏಕೆ ಬಂದರು ಎಂದು ತಿಳಿಯುವ ಮೊದಲೇ ಕೃತಜ್ಞತೆ! ಪ್ರಾರ್ಥನೆಯ ಕರೆಗೆ ಲೇಖನಿ ಕೆಳಗಿಡಲು ಕಲಿತವನು ಮಾತ್ರ ಬಾಗಿಲು ತಟ್ಟಿದವರಿಗಾಗಿಯೂ ಅದನ್ನು ಕೆಳಗಿಡಬಲ್ಲನು.

ಇದನ್ನು ನಮ್ಮ ಮನೆಗಳಿಗೆ ಅನ್ವಯಿಸುವುದು ಹೇಗೆ? ಮೂರು ಅಭ್ಯಾಸಗಳನ್ನು ಸೂಚಿಸಬಯಸುತ್ತೇವೆ.

ಮೊದಲನೆಯದು ಗಂಟೆ. ತ್ರಿಕಾಲ ಜಪದ ಗಂಟೆ ನಿಮ್ಮ ದೇವಾಲಯದಲ್ಲಿ ಮೊಳಗುವುದಾದರೆ ಆ ಒಂದು ನಿಮಿಷ ಕೈಯಲ್ಲಿರುವ ಸೌಟನ್ನೋ ಮೊಬೈಲನ್ನೋ ಕೆಳಗಿಡಿ. ಗಂಟೆ ಕೇಳಿಸದ ಊರಿನಲ್ಲಿದ್ದರೆ ನೀವೇ ಒಂದು ಹೊತ್ತನ್ನು ಗೊತ್ತುಮಾಡಿಕೊಳ್ಳಿ. ಕೆಲಸವೆಲ್ಲ ಮುಗಿದ ಮೇಲೆ ಪ್ರಾರ್ಥಿಸೋಣವೆಂದರೆ ಆ ಹೊತ್ತು ಬರುವುದೇ ಇಲ್ಲ; ಏಕೆಂದರೆ ಸಂಸಾರದಲ್ಲಿ ಕೆಲಸ ಮುಗಿಯುವುದೆಂಬುದೇ ಇಲ್ಲ.

ಎರಡನೆಯದು ಅಡುಗೆಮನೆ. ಮಠದ ಪಾತ್ರೆಪಡಗಗಳನ್ನೆಲ್ಲ ಬಲಿಪೀಠದ ಪವಿತ್ರ ಪಾತ್ರೆಗಳಂತೆ ಕಾಣಬೇಕೆಂದು ಉಗ್ರಾಣದ ಹೊಣೆ ಹೊತ್ತವನಿಗೆ ಬೆನೆಡಿಕ್ಟರು ತಿಳಿಸುತ್ತಾರೆ. ಅಡುಗೆಯ ಸೇವೆಯಾದರೋ ವಾರಕ್ಕೊಬ್ಬರಂತೆ ಸರದಿಯಲ್ಲಿ ಎಲ್ಲರಿಗೂ ಬರುತ್ತಿತ್ತು. ಕಾಯಿಲೆಯವರಿಗೂ ಮಹತ್ವದ ಹೊಣೆಯಲ್ಲಿರುವವರಿಗೂ ಮಾತ್ರ ವಿನಾಯಿತಿ. ವಾರ ಮುಗಿಸಿದವನು ಶನಿವಾರ ಬಟ್ಟೆಗಳನ್ನು ಒಗೆದು, ಪಾತ್ರೆಗಳನ್ನು ಶುಚಿಯಾಗಿ ಒಪ್ಪಿಸಿ, ಮುಂದಿನ ವಾರದವನೊಂದಿಗೆ ಸೇರಿ ಎಲ್ಲರ ಪಾದಗಳನ್ನೂ ತೊಳೆಯುತ್ತಿದ್ದನು. ನಮ್ಮ ಮನೆಗಳಲ್ಲಿ ಈ ಸೇವೆ ವರ್ಷವಿಡೀ ತಾಯಿಯೊಬ್ಬಳ ಪಾಲಿಗೇ ಏಕೆ ಬೀಳಬೇಕು? ಊಟವಾದ ಮೇಲೆ ತಂದೆಯೂ ಗಂಡುಮಕ್ಕಳೂ ತಟ್ಟೆ ತೊಳೆದರೆ ಜಪಮಾಡಲು ತಾಯಿಗೂ ಪುರುಸೊತ್ತು ದೊರೆತೀತು.

ಮೂರನೆಯದು ಕರ್ತರ ಪ್ರಾರ್ಥನೆ. ಮಠದಲ್ಲಿ ಬೆಳಿಗ್ಗೆ ಮತ್ತು ಸಂಜೆಯ ಪ್ರಾರ್ಥನೆಯ ಕೊನೆಗೆ ಮಠಾಧಿಪತಿ ಅದನ್ನು ಎಲ್ಲರಿಗೂ ಕೇಳಿಸುವಂತೆ ಹೇಳಬೇಕೆಂಬ ಕಟ್ಟಳೆಯಿದೆ. ಕೂಡಿ ಬಾಳುವಲ್ಲಿ ಮನಸ್ತಾಪದ ಮುಳ್ಳುಗಳು ಮೊಳೆಯುವುದು ಸಹಜ. ಕ್ಷಮಿಸುತ್ತೇವೆಂದು ಬಾಯಾರೆ ನುಡಿದ ಮೇಲೆ ಆ ಮುಳ್ಳುಗಳನ್ನು ಕಿತ್ತೆಸೆಯದೆ ಗತ್ಯಂತರವಿಲ್ಲ ಎಂಬುದೇ ಇದಕ್ಕೆ ಕಾರಣ. ಸಂಜೆಯ ಜಪಸರಕ್ಕೆ ಎಲ್ಲರೂ ಸೇರಲಾಗದ ದಿನವೂ ಮಲಗುವ ಮುನ್ನ ಈ ಒಂದು ಪ್ರಾರ್ಥನೆಯನ್ನು ಒಟ್ಟಾಗಿ, ನಿಧಾನವಾಗಿ ಹೇಳಿರಿ. ಹಗಲಿನ ಜಗಳ ಮರುದಿನಕ್ಕೆ ದಾಟದಿರಲಿ.

ಮೂರನ್ನೂ ಒಮ್ಮೆಗೇ ಹಿಡಿದು ದಣಿಯಬೇಕಾಗಿಲ್ಲ. ಬಲಹೀನರನ್ನು ನೆನೆದು ಎಲ್ಲವೂ ಹಿತಮಿತವಾಗಿರಲಿ ಎಂದವರು ಬೆನೆಡಿಕ್ಟರು. ತಮ್ಮ ನಿಯಮಾವಳಿ ಆರಂಭಿಕರಿಗಾಗಿ ಬರೆದದ್ದೆಂದು ಕೊನೆಯ ಅಧ್ಯಾಯದಲ್ಲಿ ಅವರೇ ಒಪ್ಪಿಕೊಂಡಿದ್ದಾರೆ. ಹಾಸಿಗೆ ಹಿಡಿದವರ ಆರೈಕೆಯಲ್ಲಿ ರಾತ್ರಿಯಿಡೀ ಎಚ್ಚರವಾಗಿರುವವರಿಗೆ ರೋಗಿಯ ಕೂಗೇ ಮಠದ ಗಂಟೆ.

ಬೆಂಗಳೂರಿನ ಕೆಂಗೇರಿ ಬಳಿ ಆಶೀರ್ವನಂ ಎಂಬ ಬೆನೆಡಿಕ್ಟೈನ್ ಮಠವಿದೆ. ಬೆನೆಡಿಕ್ಟ್ ಎಂದರೆ ಆಶೀರ್ವಾದ ಪಡೆದವನು ಎಂದರ್ಥ. ಆ ಹೆಸರಿನ ಸೊಗಸು ಇದರಿಂದ ತಿಳಿಯುತ್ತದೆ. ಈ ಸಭೆಯವರ ಲಾಂಛನದಲ್ಲಿ ಶಾಂತಿ ಎಂಬರ್ಥದ 'ಪಾಕ್ಸ್' ಪದವನ್ನು ಮುಳ್ಳಿನ ಕಿರೀಟ ಸುತ್ತುವರಿದಿರುವುದನ್ನು ಕಾಣಬಹುದು. ಮಾಂಟೆ ಕಸಿನೊ ಮಠವೇ 1944ರ ಬಾಂಬು ದಾಳಿಯಲ್ಲಿ ನೆಲಸಮವಾಯಿತು. ಮತ್ತೆ ಕಟ್ಟಿದ ದೇವಾಲಯವನ್ನು ಪೋಪ್ ಆರನೆಯ ಪೌಲರು 1964ರಲ್ಲಿ ಅಭಿಷೇಕಿಸಿದರು. ಮುಳ್ಳುಗಳೆಲ್ಲ ತೀರಿದ ಮೇಲೆ ಶಾಂತಿ ಬರುವುದೆಂದು ಕಾಯುವವರಿಗೆ ಅದು ಎಂದೂ ಬಾರದು. ಅದು ಮುಳ್ಳುಗಳ ನಡುವೆಯೇ ದೊರಕುವಂಥದು.

ಪ್ರಿಯ ವಾಚಕರೇ, ಇಂದು ಸಂಜೆ ನೀವು ಕೆಲಸದಲ್ಲಿ ಮುಳುಗಿರುವಾಗ ಮಗುವೊಂದು ಸೆರಗು ಹಿಡಿದು ಎಳೆದೀತು, ಇಲ್ಲವೇ ವಯಸ್ಸಾದ ತಂದೆ ಬಾಗಿಲಲ್ಲಿ ಬಂದು ನಿಂತಾರು. ತಲೆಯೆತ್ತಿ ನೋಡಿ. ಅಕ್ಷರ ಅರ್ಧಕ್ಕೇ ನಿಂತಿರಲಿ.