ಗರ್ಭಿಣಿಗೆ ಟಿ.ಡಿ. ಲಸಿಕೆ ಏಕೆ ಬೇಕು?

‘ಹಕೀಮ್ ಸಾಬ್, ಸೊಸೆಗೆ ಸೂಜಿ ಬೇಡ, ನಿಮ್ಮ ಮದ್ದಿನಲ್ಲೇ ಏನಾದರೂ ಕೊಡಿ’ ಎಂದು ಕೇಳುವ ಅತ್ತೆಯಂದಿರಿದ್ದಾರೆ. ಅವರಿಗೆ ನನ್ನ ಉತ್ತರ ಇಷ್ಟೇ: ಧನುರ್ವಾಯುವನ್ನು ಯುನಾನಿ ಗ್ರಂಥಗಳು ‘ಕುಜಾಜ್’ ಎಂದು ಹೆಸರಿಸಿ ವರ್ಣಿಸಿವೆ, ನಿಜ. ಆದರೆ ಅದು ಬಾರದಂತೆ ತಡೆಯುವ ಔಷಧಿ ನಮ್ಮ ಪದ್ಧತಿಯಲ್ಲಿಲ್ಲ. ಲಸಿಕೆಯೊಂದೇ ದಾರಿ.

ಈ ರೋಗಾಣು ಮಣ್ಣಿನಲ್ಲಿ, ಸಗಣಿಯಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಶುದ್ಧವಿಲ್ಲದ ಬ್ಲೇಡಿನಿಂದ ಹೊಕ್ಕುಳ ಬಳ್ಳಿ ಕತ್ತರಿಸಿದರೆ, ಅಥವಾ ಆ ಗಾಯಕ್ಕೆ ಬೂದಿ, ಸಗಣಿ ಹಚ್ಚಿದರೆ ಮಗುವಿನ ದೇಹ ಸೇರುತ್ತದೆ. ಮೊದಲೆರಡು ದಿನ ಚೆನ್ನಾಗಿ ಹಾಲು ಕುಡಿದ ಕೂಸು ಆಮೇಲೆ ಬಾಯಿ ತೆರೆಯಲಾರದು, ಮೊಲೆ ಹಿಡಿಯದು. ಮೈ ಬಿಲ್ಲಿನಂತೆ ಸೆಟೆಯುತ್ತದೆ. ಇದನ್ನು ನಜರ್ ಎಂದುಕೊಂಡು ತಾಯಿತ ಹುಡುಕುತ್ತ ಕೂರಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಓಡಿ.

ಲಸಿಕೆ ಪಡೆದ ತಾಯಿಯ ರಕ್ತದಲ್ಲಿ ಹುಟ್ಟುವ ರಕ್ಷಣೆ ಮಾಸಿನ ಮೂಲಕ ಮಗುವಿಗೂ ಹರಿಯುತ್ತದೆ. ಮಗುವಿನ ಸ್ವಂತ ಪೆಂಟಾವೇಲೆಂಟ್ ಲಸಿಕೆ ಆರಂಭವಾಗುವುದು 6ನೇ ವಾರದಲ್ಲಿ. ಅಲ್ಲಿಯವರೆಗೆ ತಾಯಿ ಕೊಟ್ಟದ್ದೇ ಅದಕ್ಕೆ ಆಧಾರ. ಭಾರತದಲ್ಲಿ ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯು ನಿರ್ಮೂಲನೆಯಾಗಿದೆ ಎಂದು 2015ರಲ್ಲಿ ಘೋಷಣೆಯಾಯಿತು. ಅದರರ್ಥ ಪ್ರತಿ ಜಿಲ್ಲೆಯಲ್ಲೂ 1000 ಜನನಕ್ಕೆ ಒಂದಕ್ಕಿಂತ ಕಡಿಮೆ ಪ್ರಕರಣ ಎಂದು ಮಾತ್ರ. ಮಣ್ಣಿನಲ್ಲಿ ರೋಗಾಣು ಹಾಗೆಯೇ ಇದೆ.

ಗರ್ಭ ಖಚಿತವಾದ ಕೂಡಲೇ ಮೊದಲ ಟಿ.ಡಿ., ನಾಲ್ಕು ವಾರ ಬಿಟ್ಟು ಎರಡನೆಯದು. ಹಿಂದಿನ ಬಸುರಿನಲ್ಲಿ ಎರಡೂ ಆಗಿ 3 ವರ್ಷ ದಾಟಿಲ್ಲವಾದರೆ ಒಂದು ಬೂಸ್ಟರ್ ಸಾಕು. ಹಾಗಾಗಿ ಹಳೆಯ ತಾಯಿ ಕಾರ್ಡ್ ಎಸೆಯಬೇಡಿ. ಮೊದಲು ಕೊಡುತ್ತಿದ್ದ ಟಿ.ಟಿ.ಯ ಜಾಗದಲ್ಲಿ ಈಗ ಟಿ.ಡಿ. ಬಂದಿದೆ, ಇದು ಗಂಟಲಮಾರಿಯನ್ನೂ ತಡೆಯುತ್ತದೆ. ಸರಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ. ತೋಳು ಒಂದೆರಡು ದಿನ ನೋಯಬಹುದು, ಸಣ್ಣ ಜ್ವರ ಬರಬಹುದು. ಮುಂದೆ ಮಕ್ಕಳಾಗುವುದಿಲ್ಲ ಎಂಬುದು ಶುದ್ಧ ಸುಳ್ಳು. ಎರಡು, ಮೂರನೆಯ ಬಸುರಿಗೂ ಇದೇ ಲಸಿಕೆ ಪಡೆದ ತಾಯಂದಿರು ನಿಮ್ಮ ಓಣಿಯಲ್ಲೇ ಸಿಗುತ್ತಾರೆ, ಕೇಳಿ ನೋಡಿ.

ರಮಝಾನಿನಲ್ಲಿ ಸರದಿ ಬಂದರೆ? ತೋಳಿಗೆ ಚುಚ್ಚುವ ಲಸಿಕೆಯಿಂದ ಉಪವಾಸ ಮುರಿಯದು ಎಂಬುದು ಬಹುತೇಕ ಉಲಮಾಗಳ ಅಭಿಪ್ರಾಯ. ಈದ್ ಕಳೆಯಲಿ ಎಂದು ಮುಂದೂಡಬೇಡಿ.

ನಾಯಿಕೆಮ್ಮು ಮತ್ತು ಫ್ಲೂ ತಡೆಯುವ ಲಸಿಕೆಗಳನ್ನೂ ಗರ್ಭಿಣಿಗೆ ಕೊಡಬಹುದು. ನಿಮ್ಮ ವೈದ್ಯೆಯನ್ನು ವಿಚಾರಿಸಿ. ಆದರೆ ಎಂ.ಎಂ.ಆರ್. ಮಾತ್ರ ಬಸುರಿನಲ್ಲಿ ಕೂಡದು, ಅದನ್ನು ಹೆರಿಗೆಯ ನಂತರ ಹಾಕಿಸಿಕೊಳ್ಳಬಹುದು.