ತೊಟ್ಟಿಮನೆಯಲ್ಲೊಂದು ಮದುವೆ

ಪೇಟೆಯ ಮದುವೆಗಳಿಗೆ ಈಗ ‘ವಿಂಟೇಜ್’ ಎಂಬ ಹೊಸ ಹುಚ್ಚು ಹಿಡಿದಿದೆ. ಗ್ರಾಮಾಫೋನು, ಲಾಟೀನು, ಗಾಡಿಯ ಚಕ್ರ ಎಲ್ಲವನ್ನೂ ಬಾಡಿಗೆಗೆ ತಂದು ಕಲ್ಯಾಣ ಮಂಟಪದಲ್ಲಿ ಜೋಡಿಸುತ್ತಾರೆ. ಕಳೆದ ಏಪ್ರಿಲ್‌ನಲ್ಲಿ ನಮ್ಮ ವನಗೂರಿನಲ್ಲಿ ನಡೆದ ಮೊಮ್ಮಗಳ ಮದುವೆಗೆ ಅದೇನೂ ಬೇಕಾಗಲಿಲ್ಲ. ಮನೆಯೇ ಹಳೆಯದು.

ತೊಟ್ಟಿಮನೆಯನ್ನು ನೋಡದ ಮಕ್ಕಳಿಗೆ ಹೇಳುತ್ತೇನೆ. ಮನೆಯ ನಡುವೆ ಆಕಾಶಕ್ಕೆ ತೆರೆದ ಅಂಗಳ, ಅದೇ ತೊಟ್ಟಿ. ಸುತ್ತ ನಾಲ್ಕೂ ಕಡೆ ಜಗಲಿ, ಮರದ ಕಂಬಗಳು, ಮೇಲೆ ಹೆಂಚು. ಮಾಡಿನ ನೀರು ತೊಟ್ಟಿಗೆ ಸುರಿದು ಕಂಡಿಯಿಂದ ಹೊರಗೆ ಹೋಗುತ್ತದೆ. ಬಿಸಿಲೆ ಕಡೆಯಿಂದ ಮಳೆ ಹಿಡಿದರೆ ನಮ್ಮೂರಿನಲ್ಲಿ ದಿನಗಟ್ಟಲೆ ಬಿಡುವುದಿಲ್ಲ. ಆಗ ಭತ್ತ ಕುಟ್ಟುವುದು, ಬುಟ್ಟಿ ಹೆಣೆಯುವುದು, ಮಕ್ಕಳ ಚನ್ನೆಮಣೆ ಎಲ್ಲವೂ ಜಗಲಿಯಲ್ಲೇ. ಮದುವೆ ಬಂತೆಂದರೆ ನೂರು ಜನ ಕೂರುವ ಮಂಟಪವೂ ಅದೇ.

ಇಂಥ ಮನೆಯನ್ನು ಕಳಚುವ ಮಾತು ನಡೆದಿತ್ತು. ಹಳೆಯ ಕಂಬ, ಕೆತ್ತನೆಯ ಬಾಗಿಲುಗಳಿಗೆ ರೆಸಾರ್ಟ್ ಕಟ್ಟುವವರು ಒಳ್ಳೆಯ ಬೆಲೆ ಕೊಡುತ್ತಾರೆ. ವ್ಯಾಪಾರಿಯೊಬ್ಬ ಮುಂಗಡ ಹಿಡಿದುಕೊಂಡೇ ಬಂದಿದ್ದ. ಆ ದುಡ್ಡಿನಲ್ಲಿ ಸಕಲೇಶಪುರದಲ್ಲಿ ದೊಡ್ಡ ಮಂಟಪ ಹಿಡಿದು ಮಗಳ ಮದುವೆ ಮಾಡಬೇಕೆಂದು ನನ್ನ ಮಗನ ಲೆಕ್ಕ. “ಅಪ್ಪ, ಮನೆ ಮಾರಿ ನನ್ನ ಮದುವೆ ಮಾಡಬೇಡಿ. ಮನೇಲೇ ಮಾಡಿ” ಎಂದಳು ಹುಡುಗಿ.

ಅವಳ ತಲೆಯಲ್ಲಿ ಇದ್ದದ್ದು ಕುಪ್ಪಳಿ. ಶಾಲೆಯ ಪ್ರವಾಸದಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಆ ಊರಿಗೆ ಹೋಗಿ ಕುವೆಂಪು ಅವರ ಮನೆ ನೋಡಿ ಬಂದಿದ್ದಳು. ಅದೂ ತೊಟ್ಟಿಮನೆಯೇ, ನಮ್ಮದಕ್ಕಿಂತ ಬಹಳ ದೊಡ್ಡದು, ಮೂರು ಅಂತಸ್ತು. ಈಗ ‘ಕವಿಮನೆ’ ಎಂಬ ಹೆಸರಿನಲ್ಲಿ ವಸ್ತುಸಂಗ್ರಹಾಲಯ. ಕುವೆಂಪು ಅವರ ಮದುವೆಯ ಮಂಟಪವನ್ನು ಅಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ಮದುವೆಯಾದದ್ದು 1937ರಲ್ಲಿ. ಮದುಮಗಳ ಹೆಸರು ಹೇಮಾವತಿ, ನಮ್ಮ ಸಕಲೇಶಪುರದ ಹೊಳೆಯ ಹೆಸರೇ!

ಹಾಗೆ ಮಂಟಪದಲ್ಲಿ ಮದುವೆಯಾದ ಕುವೆಂಪು ಮುಂದೆ ಅದ್ದೂರಿ, ವರದಕ್ಷಿಣೆ ಯಾವುದೂ ಇಲ್ಲದ ‘ಮಂತ್ರ ಮಾಂಗಲ್ಯ’ ಎಂಬ ಸರಳ ಮದುವೆಯ ದಾರಿ ಹಾಕಿಕೊಟ್ಟರು. 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನು ಹಾಗೆಯೇ ಮಾಡಿಸಿದರು. ಮಂಟಪ ಉಳಿಯಿತು, ಆಡಂಬರ ಹೋಯಿತು. ಮೊಮ್ಮಗಳು ನನ್ನ ಮುಂದೆ ಕೂತು, “ಅಜ್ಜಿ, ನಿಮ್ಮ ಕಾಲದ್ದರಲ್ಲಿ ಏನು ಇಟ್ಟುಕೊಳ್ಳೋಣ, ಏನು ಬಿಡೋಣ?” ಎಂದಾಗ ನನಗೂ ಯೋಚಿಸಬೇಕಾಯಿತು.

ಹಳೆಯ ಮದುವೆಯೆಂದರೆ ಎಲ್ಲವೂ ಚೆಂದ ಎನ್ನುವವರು ಆಗಿನ ಅಡುಗೆಮನೆ ನೋಡಿಲ್ಲ. ನನ್ನ ಮದುವೆಯಲ್ಲಿ ಬೇಯಿಸಿ ಬಡಿಸಿದ ಹೆಂಗಸರು ಉಂಡದ್ದು ಕತ್ತಲಾದ ಮೇಲೆ. ಓಲಗದವರಿಗೆ ಚಪ್ಪರದ ಆಚೆ ಎಲೆ ಹಾಕಿದ್ದರು. ಹುಡುಗನನ್ನು ನಾನು ಸರಿಯಾಗಿ ನೋಡಿದ್ದು ಧಾರೆಯಾದ ಮೇಲೆ. ಇದನ್ನೆಲ್ಲ ಹೇಳಿದೆ. ಈ ಸಲ ಓಲಗದವರು ಮೊದಲ ಪಂಕ್ತಿಯಲ್ಲಿ, ತೊಟ್ಟಿಯ ಪಕ್ಕದ ಜಗಲಿಯಲ್ಲೇ ಕೂತರು. ಬಡಿಸಿದ್ದು ಗಂಡು ಹುಡುಗರು. ಸಾರು ಒಂದಿಷ್ಟು ನೆಲದ ಪಾಲಾಯಿತು, ಇರಲಿ.

ಇಟ್ಟುಕೊಂಡದ್ದು ಚಪ್ಪರ. ಶಾಮಿಯಾನ ಬೇಡವೆಂದು ಅಡಿಕೆ ಮರದ ಕಂಬ ನೆಟ್ಟು, ದಬ್ಬೆ ಕಟ್ಟಿ, ಮೇಲೆ ಹಸಿರು ಸೊಪ್ಪು ಹೊದಿಸಿದೆವು. ಊರಿನ ಪ್ರತಿ ಮನೆಯಿಂದ ಒಬ್ಬರು ಬಂದರು. ಕೂಲಿಯ ಮಾತೇ ಇಲ್ಲ, ನಾಳೆ ಅವರ ಮನೆಯ ಚಪ್ಪರಕ್ಕೆ ನಾವು ಹೋಗಬೇಕು, ಅಷ್ಟೆ. ಗೋಡೆಗೆ ಸುಣ್ಣ ಬಳಿದು ಕೆಮ್ಮಣ್ಣಿನಲ್ಲಿ ಹಸೆ ಬರೆದೆವು. ಸೋಬಾನೆ ಪದ ಬರುವವರು ನಾವು ಮೂವರೇ ಮುದುಕಿಯರು ಉಳಿದಿರುವುದು. ಎರಡನೆಯ ಪದಕ್ಕೇ ಉಸಿರು ಸಾಲದಾಯಿತು. ಆಗ ಐದನೆಯ ತರಗತಿಯ ಹುಡುಗಿಯೊಬ್ಬಳು ಪಕ್ಕಕ್ಕೆ ಬಂದು ದನಿಗೂಡಿಸಿದಳು. ವಾರದಿಂದ ನಾವು ಹಾಡುತ್ತಿದ್ದುದನ್ನು ಕೇಳಿ ಕೇಳಿ ಕಲಿತಿದ್ದಳಂತೆ.

ದಿಬ್ಬಣ ಆಲೂರಿಗೆ ಹೋಗಬೇಕಿತ್ತು. ಹಿಂದೆ ದೀವಟಿಗೆ ಹಿಡಿದು ರಾತ್ರಿಯೆಲ್ಲ ನಡೆಯುತ್ತಿದ್ದರು. ಈಗ ನಮ್ಮ ಸೀಮೆಯಲ್ಲಿ ಕಾಡಾನೆಗಳ ಕಾಟ, ಕತ್ತಲಲ್ಲಿ ತೋಟದ ದಾರಿಗೆ ಇಳಿಯುವಂತಿಲ್ಲ. ಮಧ್ಯಾಹ್ನ ಮೂರಕ್ಕೇ ಹುಡುಗಿಯನ್ನು ಕಳಿಸಿಕೊಟ್ಟೆವು.

ಮುಂಗಡ ತಂದಿದ್ದ ವ್ಯಾಪಾರಿಯೂ ಊಟಕ್ಕೆ ಬಂದಿದ್ದ. ಹೊರಡುವಾಗ ಒಂದು ಕಂಬವನ್ನು ಬೆರಳಿನಿಂದ ತಟ್ಟಿ, “ಬುಡದಲ್ಲಿ ಗೆದ್ದಲು ಹತ್ತಿದೆ, ನೋಡಿಕೊಳ್ಳಿ” ಎಂದ. ಮರುವಾರವೇ ಮಗ ಆಚಾರರನ್ನು ಕರೆಸಿ ಆ ಬುಡ ಕೊಯ್ಸಿ, ಕೆಳಗೆ ಕಲ್ಲು ಕೊಡಿಸಿದ. ಮಳೆ ಹಿಡಿಯುವ ಮೊದಲು ಹೆಂಚು ಕೈಯಾಡಿಸಲು ಇಬ್ಬರು ಆಳುಗಳಿಗೂ ಹೇಳಿಟ್ಟಿದ್ದಾನೆ.