ಗುಳೆ ಹೊರಟ ಮನೆಯ ಮಕ್ಕಳಿಗೆ ಯಾವ ಶಾಲೆ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಪತ್ರಿಕೆಯ ಪಟ್ಟಿಯಲ್ಲಿ ಮಧುಗಿರಿಯೂ ಒಂದು ಜಿಲ್ಲೆ. ಕಂದಾಯ ಇಲಾಖೆಯ ಕಡತದಲ್ಲಿ ಅದು ತುಮಕೂರು ಜಿಲ್ಲೆಗೆ ಸೇರಿದ ತಾಲ್ಲೂಕು. ರಾಜ್ಯದಲ್ಲಿ ಕಂದಾಯ ಜಿಲ್ಲೆಗಳು 31, ಶೈಕ್ಷಣಿಕ ಜಿಲ್ಲೆಗಳು 35. ಆ ಹೆಚ್ಚಿನ ನಾಲ್ಕರಲ್ಲಿ ಮಧುಗಿರಿಯದೂ ಒಂದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಶಾಲೆಗಳಿಗೆ ಇಲ್ಲಿಯೇ ಡಿಡಿಪಿಐ ಕಚೇರಿ ಇದೆ. ಮಧುಗಿರಿಯನ್ನು ಕಂದಾಯ ಜಿಲ್ಲೆ ಮಾಡಿ ಎಂಬ ಕೂಗು ಬಹಳ ಹಳೆಯದು. ಶಾಲೆಯ ಮಟ್ಟಿಗೆ ಅದು ಆಗಲೇ ಈಡೇರಿದೆ.

ಈ ನಾಲ್ಕೂ ತಾಲ್ಲೂಕುಗಳದು ಮಳೆ ನಂಬಿದ ಬದುಕು. ಬೋರ್‌ವೆಲ್ ಇರುವವರು ಒಂದಿಷ್ಟು ನೆಮ್ಮದಿಯಿಂದಿರುತ್ತಾರೆ, ಉಳಿದವರಿಗೆ ಕಡಲೆಕಾಯಿಯೇ ಗತಿ. ಮುಂಗಾರಿನಲ್ಲಿ ಬಿತ್ತಿದ ಕಡಲೆಕಾಯಿ ಕಿತ್ತು, ಬಡಿದು, ಮಾರಿದ ಮೇಲೆ ಹೊಲದಲ್ಲಿ ಕೆಲಸವಿಲ್ಲ. ಆಗ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಶಾಲೆಯ ವರ್ಷ ಜೂನ್ ಸುಮಾರಿಗೆ ಆರಂಭವಾಗಿ ಏಪ್ರಿಲ್‌ನಲ್ಲಿ ಮುಗಿಯುತ್ತದೆ, ಗುಳೆಯ ವರ್ಷ ಅದರ ನಟ್ಟನಡುವೆ ಶುರುವಾಗುತ್ತದೆ. ದಸರಾ ರಜೆ ಮುಗಿದು ಎರಡನೇ ಅವಧಿಯ ಪಾಠ ಕುದುರುವ ಹೊತ್ತಿಗೆ ಹಾಜರಿ ಪುಸ್ತಕದಲ್ಲಿ ಕೆಲವು ಹೆಸರುಗಳ ಮುಂದೆ ಗೈರು ಗುರುತು ಸಾಲುಗಟ್ಟುತ್ತದೆ.

ಪಾವಗಡದ ತಿರುಮಣಿ, ವಳ್ಳೂರು, ಬಳಸಮುದ್ರ ಸುತ್ತ 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಎದ್ದ ಮೇಲೆ ಚಿತ್ರ ಬದಲಾಯಿತು ಎನ್ನುವವರಿದ್ದಾರೆ. ಅರ್ಧ ನಿಜ. ಜಮೀನು ಕೊಟ್ಟವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ ಹಣ ಬರುತ್ತದೆ, ಅವರ ಮಕ್ಕಳನ್ನು ಕರೆದೊಯ್ಯಲು ಖಾಸಗಿ ಶಾಲೆಯ ಹಳದಿ ವ್ಯಾನ್ ಮನೆ ಬಾಗಿಲಿಗೇ ಬರುತ್ತದೆ. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಗುತ್ತಿಗೆಯೂ ಇಲ್ಲ, ಕೂಲಿಯೂ ಇಲ್ಲ.

ಊರು ಬಿಡುವ ಮನೆಯ ಮುಂದೆ ಇರುವ ದಾರಿಗಳನ್ನು ನೋಡೋಣ.

ಮಗುವನ್ನು ಜೊತೆಗೇ ಕರೆದೊಯ್ದರೆ, ಬೆಂಗಳೂರಿನ ಸರ್ಕಾರಿ ಶಾಲೆ ವರ್ಷದ ಮಧ್ಯದಲ್ಲೂ ಸೇರಿಸಿಕೊಳ್ಳಬೇಕು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಇದನ್ನು ಸ್ಪಷ್ಟವಾಗಿ ಹೇಳಿದೆ. ಟಿ.ಸಿ. ತಡವಾಯಿತು ಎಂದು ದಾಖಲಾತಿ ನಿರಾಕರಿಸುವಂತಿಲ್ಲ, ವಯಸ್ಸಿನ ದಾಖಲೆ ಇಲ್ಲವೆಂದೂ ವಾಪಸು ಕಳಿಸುವಂತಿಲ್ಲ. ಟಿ.ಸಿ. ಕೊಡಲು ಸತಾಯಿಸುವ ಮುಖ್ಯ ಶಿಕ್ಷಕರ ಮೇಲೆ ಶಿಸ್ತು ಕ್ರಮಕ್ಕೂ ಅವಕಾಶವಿದೆ. ಆದರೂ ಕಟ್ಟಡ ಕೆಲಸದ ಶೆಡ್ಡಿನಿಂದ ಮಗುವಿನ ಕೈ ಹಿಡಿದು ಬಂದ ತಾಯಿಗೆ ಮೊದಲು ಕೇಳಿಸುವ ಮಾತು ‘ಟಿ.ಸಿ. ತಂದಿದ್ದೀರೇನಮ್ಮ?’ ಎಂದೇ. ಕಾಯ್ದೆಯ ಐದನೇ ಸೆಕ್ಷನ್ ಆಕೆಗೆ ಗೊತ್ತಿರುವುದಿಲ್ಲ. ಊರಿನ ಶಾಲೆಯಿಂದ ಮಗುವಿನ ಸ್ಯಾಟ್ಸ್ ನಂಬರ್ ಒಂದನ್ನು ಚೀಟಿಯಲ್ಲಿ ಬರೆಸಿಕೊಂಡು ಹೋದರೆ ಮುಕ್ಕಾಲು ಪಾಲು ತಾಪತ್ರಯ ತಪ್ಪುತ್ತದೆ. ಮಗು ಯಾವ ಶಾಲೆಗೆ ಹೋದರೂ ಆ ನಂಬರ್ ಬದಲಾಗುವುದಿಲ್ಲ.

ಎರಡನೆಯ ದಾರಿ, ಅಜ್ಜಿಯ ಹತ್ತಿರ ಬಿಟ್ಟು ಹೋಗುವುದು. ಹೆಚ್ಚಿನವರು ಮಾಡುವುದು ಇದನ್ನೇ. ಬಿಸಿಯೂಟ ಇರುವುದರಿಂದ ಮಧ್ಯಾಹ್ನದ ಚಿಂತೆ ಇಲ್ಲ. ಓದಿನ ಮೇಲೆ ಕಣ್ಣಿಡಲು ಮಾತ್ರ ಮನೆಯಲ್ಲಿ ಯಾರೂ ಇರುವುದಿಲ್ಲ.

ಮೂರನೆಯದು ಹಾಸ್ಟೆಲ್. ಸಮಾಜ ಕಲ್ಯಾಣ ಇಲಾಖೆಯದು, ಬಿಸಿಎಂ ಇಲಾಖೆಯದು, ಮಠಗಳದು. ತುಮಕೂರಿನ ಸಿದ್ಧಗಂಗಾ ಮಠದ ಹೆಸರನ್ನು ಈ ಸೀಮೆಯವರಿಗೆ ಹೊಸದಾಗಿ ಹೇಳಬೇಕಿಲ್ಲ. 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿಯವರ ಕಾಲದಲ್ಲಿ ಅದು ಜಾತಿ ಕೇಳದೆ ಹತ್ತಿರ ಹತ್ತಿರ ಹತ್ತು ಸಾವಿರ ಮಕ್ಕಳಿಗೆ ಊಟ, ವಸತಿ, ಓದು ಕೊಡುವ ಸಂಸ್ಥೆಯಾಗಿ ಬೆಳೆಯಿತು. ಶಾಲೆ ಶುರುವಾಗುವ ದಿನಗಳಲ್ಲಿ ತಗಡಿನ ಟ್ರಂಕು ಹೊತ್ತ ಅಪ್ಪಂದಿರು ಅಲ್ಲಿಗೆ ಎಲ್ಲೆಲ್ಲಿಂದಲೋ ಬರುತ್ತಾರೆ. ಟ್ರಂಕಿಗೆ ಬೀಗ, ಬೀಗದ ಕೈಗೆ ದಾರ, ದಾರ ಹುಡುಗನ ಕೊರಳಿಗೆ.

ಇನ್ನು ವಸತಿ ಶಾಲೆಗಳು. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ, ಅಂಬೇಡ್ಕರ್ ಎಂದು ಹೆಸರುಗಳು ಬೇರೆ ಬೇರೆ, ನಡೆಸುವುದು ಒಂದೇ ಸಂಸ್ಥೆ: ಕ್ರೈಸ್. ಆರರಿಂದ ಹತ್ತನೇ ತರಗತಿವರೆಗೆ ಓದು, ಊಟ, ಬಟ್ಟೆ, ಪುಸ್ತಕ ಎಲ್ಲ ಉಚಿತ. ಗುಳೆ ಹೋಗುವ ಮನೆಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ನನಗಂತೂ ಕಾಣುವುದಿಲ್ಲ. ಐದನೇ ತರಗತಿಯಲ್ಲಿರುವಾಗಲೇ ಪ್ರವೇಶ ಪರೀಕ್ಷೆ ಬರೆಯಬೇಕು. ಇತ್ತೀಚಿನ ವರ್ಷಗಳಲ್ಲಿ ಪರೀಕ್ಷೆ ನಡೆಯುತ್ತಿರುವುದು ಫೆಬ್ರುವರಿ ಸುಮಾರಿಗೆ, ಅರ್ಜಿ ಅದಕ್ಕೂ ಮೊದಲು. ಅಂದರೆ ಅಪ್ಪ ಅಮ್ಮ ಬೆಂಗಳೂರಿನಲ್ಲಿ ಇಟ್ಟಿಗೆ ಹೊರುತ್ತಿರುವ ಹೊತ್ತು. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಇಲ್ಲದೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ, ಅದಕ್ಕೆ ನಾಡಕಚೇರಿಗೆ ಅಲೆಯಬೇಕು. ಕಡಲೆಕಾಯಿ ಕೀಳುವ ಮೊದಲೇ ಈ ಕಾಗದ ಮಾಡಿಸಿಟ್ಟುಕೊಂಡವರು ಗೆದ್ದರು.

ನವೋದಯದ ನಿಯಮ ಇನ್ನೂ ಬಿಗಿ. ಕನಿಷ್ಠ ಮುಕ್ಕಾಲು ಪಾಲು ಸೀಟು ಹಳ್ಳಿ ಮಕ್ಕಳಿಗೆ ಮೀಸಲು ಎಂಬುದು ಕೇಳಲು ಚೆಂದ. ಆ ಮೀಸಲಾತಿ ಸಿಗಬೇಕಾದರೆ ಮೂರು, ನಾಲ್ಕು, ಐದನೇ ತರಗತಿಗಳನ್ನು ಪೂರ್ತಿಯಾಗಿ ಹಳ್ಳಿ ಶಾಲೆಯಲ್ಲೇ ಓದಿರಬೇಕು, ಐದನೆಯದನ್ನು ಅದೇ ಜಿಲ್ಲೆಯಲ್ಲಿ ಓದುತ್ತಿರಬೇಕು. ನಾಲ್ಕನೇ ತರಗತಿಯಲ್ಲಿ ಅರ್ಧ ವರ್ಷ ಬೆಂಗಳೂರಿಗೆ ಹೋಗಿಬಂದ ಪಾವಗಡದ ಮಗು ಹಳ್ಳಿಯದಾಗಿ ಉಳಿಯುವುದಿಲ್ಲ. ಯಾರಿಗಾಗಿ ನಿಯಮ ಮಾಡಿದರೋ ಅವರಲ್ಲೇ ತೀರಾ ಬಡವರನ್ನು ಅದು ಹೊರಗಿಡುತ್ತದೆ. ನಿಯಮ ಬರೆದವರಿಗೆ ಪೇಟೆಯ ಜಾಣರು ಹಳ್ಳಿ ಸೀಟು ಕಬಳಿಸಿಯಾರು ಎಂಬ ಭಯವಿತ್ತು. ಗುಳೆ ಹೋಗುವವರ ನೆನಪಿರಲಿಲ್ಲ.

ಇದೇ ಕತೆ ಸಿಇಟಿಯವರೆಗೂ ಬೆನ್ನು ಹತ್ತುತ್ತದೆ. ಗ್ರಾಮೀಣ ಮೀಸಲಾತಿಗೆ ಒಂದರಿಂದ ಹತ್ತನೇ ತರಗತಿವರೆಗೆ ಹತ್ತೂ ವರ್ಷ ಹಳ್ಳಿಯಲ್ಲಿ ಓದಿರಬೇಕು. ಬೆಂಗಳೂರು ಹಾಗಿರಲಿ, ಶಿರಾ ನಗರಸಭೆ, ಮಧುಗಿರಿ ಪುರಸಭೆ, ಕೊರಟಗೆರೆ ಪಟ್ಟಣ ಪಂಚಾಯಿತಿ ವ್ಯಾಪ್ತಿಯ ಶಾಲೆಗೆ ಒಂದು ವರ್ಷ ಹೋದರೂ ಅದು ತಪ್ಪುತ್ತದೆ. ಹಳದಿ ವ್ಯಾನ್ ಹತ್ತಿಸುವ ಅಪ್ಪಂದಿರಲ್ಲಿ ಎಷ್ಟು ಜನ ಇದನ್ನು ಲೆಕ್ಕ ಹಾಕಿದ್ದಾರೋ! ಕನ್ನಡ ಮಾಧ್ಯಮದಲ್ಲಿ ಹತ್ತು ವರ್ಷ ಓದಿದವರಿಗೆ ಇರುವ ಮೀಸಲಾತಿಯೂ ಹೀಗೆಯೇ.

ಬರುವವರ ಸಂಗತಿ ಬೇರೆ. ವಸಂತನರಸಾಪುರದ ಕೈಗಾರಿಕಾ ಪ್ರದೇಶ ಕೊರಟಗೆರೆಗೆ ದೂರವಲ್ಲ. ದುಡಿಮೆಗೆ ಉತ್ತರದ ರಾಜ್ಯಗಳಿಂದ ಬಂದವರೂ ಈ ಕಡೆ ಇದ್ದಾರೆ. ಅವರ ಮಕ್ಕಳು ಯಾವ ಪಠ್ಯಕ್ರಮದ ಶಾಲೆಗೇ ಸೇರಲಿ, ಕನ್ನಡ ಕಲಿಯಲೇಬೇಕು; 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಹಾಗೆ ಹೇಳುತ್ತದೆ. ಚಿಕ್ಕವರಿಗೆ ಇದು ಕಷ್ಟವೇ ಅಲ್ಲ. ಎಂಟನೇ ತರಗತಿಗೆ ಬಂದು ಅ ಆ ಇ ಈ ಶುರು ಮಾಡುವವರಿಗೆ ಕಷ್ಟ. ಕುಟುಂಬ ಸಮೇತ ಬರುವುದಿದ್ದರೆ ಮಗು ಪ್ರಾಥಮಿಕ ಶಾಲೆಯಲ್ಲಿರುವಾಗಲೇ ಬರುವುದು ಒಳ್ಳೆಯದು.

ಪಾವಗಡಕ್ಕೆ ಮೂರು ದಿಕ್ಕಿಗೂ ಆಂಧ್ರ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಇಲ್ಲಿನ ಮೇಷ್ಟ್ರುಗಳು ಒಂದನೇ ತರಗತಿಗೆ ತೆಲುಗಿನಲ್ಲೇ ಸಮಾಧಾನ ಹೇಳಿ ಕನ್ನಡಕ್ಕೆ ಕರೆತರುವುದನ್ನು ಯಾವ ತರಬೇತಿಯಲ್ಲೂ ಕಲಿತವರಲ್ಲ. ಗಡಿಯ ಆಚೆ ಇದು ತಿರುಗುಮುರುಗು. ಮಡಕಶಿರಾ ಸೀಮೆಯ ಅಮರಾಪುರ, ರೊಳ್ಳದ ಕಡೆ ಕನ್ನಡದ ಮನೆಗಳಿವೆ, ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳೂ ಇವೆ. ಹೆಣ್ಣು ಕೊಟ್ಟು ತರುವುದು ಗಡಿ ನೋಡಿ ನಡೆಯುವುದಿಲ್ಲವಾದ್ದರಿಂದ ಶಿರಾ, ಮಧುಗಿರಿಯ ಮೊಮ್ಮಕ್ಕಳು ಅಲ್ಲಿ, ಅಲ್ಲಿಯವರು ಇಲ್ಲಿ ಓದುವುದುಂಟು. ಕರ್ನಾಟಕದ ಸಿಇಟಿ ಸೀಟಿಗೆ ಸಾಮಾನ್ಯವಾಗಿ ರಾಜ್ಯದಲ್ಲಿ ಏಳು ವರ್ಷ ಓದಿರಬೇಕು. ಮಡಕಶಿರಾದಂಥ ಗಡಿ ತಾಲ್ಲೂಕಿನ ಕನ್ನಡ ಮಾತೃಭಾಷೆಯ ಮಕ್ಕಳಿಗೆ ಮಾತ್ರ ಗಡಿನಾಡ ಕನ್ನಡಿಗರು ಎಂದು ಬೇರೆ ಬಾಗಿಲಿದೆ. ಕನ್ನಡ ಬಲ್ಲೆನೆಂದು ಪರೀಕ್ಷೆ ಬರೆದು ತೋರಿಸಬೇಕು, ಅಷ್ಟೆ. ಆಚೆ ಮೊಮ್ಮಕ್ಕಳನ್ನು ಓದಿಸುತ್ತಿರುವ ಅಜ್ಜ ಅಜ್ಜಿಯರು ಆ ತಾಲ್ಲೂಕಿನ ವಾಸದ ದೃಢೀಕರಣ ಪತ್ರವನ್ನು ಈಗಲೇ ಮಾಡಿಸಿಟ್ಟುಕೊಳ್ಳಲಿ. ಪಿಯುಸಿ ಫಲಿತಾಂಶದ ವಾರದಲ್ಲಿ ತಹಶೀಲ್ದಾರ್ ಕಚೇರಿಯ ಮುಂದೆ ಸರದಿ ಉದ್ದವಿರುತ್ತದೆ.